ಓದುಗರ ಸ್ಪಂದನ: 61ಕ್ಕೆ ಗುದ್ದಲಿ ಹಿಡಿಯಬಹುದಾ?

ಸಮಸ್ಯೆ: ಮೈಸೂರಿನ ಓದುಗರೊಬ್ಬರು ಬ್ಯಾಂಕಿನಿಂದ ನಿವೃತ್ತರು. ಸಾವಯವ ತೋಟಗಳಲ್ಲಿ ಇದ್ದು ಸಂಬಳವಿಲ್ಲದೆ ಕೆಲಸ ಮಾಡುವ ಆಸೆ. "ಈ ವಯಸ್ಸಲ್ಲಿ ಬಿಟ್ಟಿ ಕೂಲಿಗೆ ಹೋಗ್ತೀರಾ?" ಅಂತ ಮಗ ರೇಗುತ್ತಾನೆ. ಹೆಂಡತಿ ಮಾತೇ ಆಡುತ್ತಿಲ್ಲ. ಮಂಡಿನೋವು ಬೇರೆ.

ಸರ್, ಹೋಗಿ. ನಾನು 63ಕ್ಕೆ ಹೋದವನು. ಶಿರಸಿ ಕಡೆಯ ಅಡಿಕೆ ತೋಟವೊಂದರಲ್ಲಿ ಐದು ವಾರ ಇದ್ದೆ. ಮೊದಲ ದಿನ ಕಳೆ ಕೀಳಲು ಹೇಳಿದರು. ಉಮೇದಿನಲ್ಲಿ ನಾಲ್ಕು ಮರದ ಬುಡ ಬೋಳು ಮಾಡಿಟ್ಟೆ. ಮನೆಯ ಅಜ್ಜಿ ಬಂದು ನೋಡಿ, "ನಾಳೆ ತಂಬುಳಿಗೆ ಇದ್ದದ್ದನ್ನೆಲ್ಲ ಕಿತ್ತುಹಾಕಿದ್ರಲ್ಲ ಮಾರಾಯ್ರೆ" ಅಂದರು. ನಾನು ಕಿತ್ತದ್ದು ಒಂದೆಲಗ! ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು.

ಮರುದಿನದಿಂದ ಗಿಡಕ್ಕೆ ಹಾಕುವ ದ್ರವಗೊಬ್ಬರ ಜೀವಾಮೃತದ ಡ್ರಮ್ ನನ್ನ ಪಾಲಿಗೆ ಬಂತು. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡಲೆಹಿಟ್ಟು, ಒಂದು ಹಿಡಿ ತೋಟದ ಮಣ್ಣು. ನೆರಳಲ್ಲಿಟ್ಟು ದಿನಾ ಕೋಲಿನಿಂದ ತಿರುಗಿಸಬೇಕು. ನಿಂತು ಮಾಡುವ ಕೆಲಸ, ಮಂಡಿ ತಕರಾರು ಮಾಡಲಿಲ್ಲ.

ಮಗನಿಗೆ ಇದನ್ನೂ ಹೇಳಿ. ಲಂಡನ್ನಿನಲ್ಲಿ ಸೆಕ್ರೆಟರಿ ಆಗಿದ್ದ ಸೂ ಕೊಪಾರ್ಡ್ 1971ರಲ್ಲೇ ಪೇಟೆಯವರನ್ನು ಹೀಗೆ ತೋಟಕ್ಕೆ ಕರೆದೊಯ್ದರು. ಆಗ ವಾರದ ಕೊನೆಗಷ್ಟೇ. ಅದೇ ಬೆಳೆದು 'ವೂಫ್' (WWOOF) ಅನ್ನೋ ಜಾಲ ಆಯಿತು, ಭಾರತದಲ್ಲೂ ಇದೆ. ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೆಲಸ, ಬದಲಿಗೆ ಊಟ, ವಸತಿ.
– ನಿವೃತ್ತ ಉಪನ್ಯಾಸಕ, ದಾವಣಗೆರೆ

ಮಂಡಿ ವಿಷಯ ಎಲ್ಲರೂ ಹೇಳ್ತಾರೆ ಬಿಡಿ. ನಮ್ಮವರೂ ರಿಟೈರ್ ಆದ ಮರುವಾರವೇ ಹೀಗೆ ಹೊರಟು ನಿಂತಿದ್ದರು. ನನಗೆ ಸಿಟ್ಟು ಬಂದದ್ದು ತೋಟದ ಮೇಲಲ್ಲ. "ನೀನೂ ಬರ್ತೀಯಾ?" ಅಂತ ಒಂದು ಮಾತು ಕೇಳಲಿಲ್ಲವಲ್ಲ ಅಂತ. ನೀವು ಕೇಳಿದಿರಾ? ಪತ್ರದಲ್ಲಿ ಎಲ್ಲೂ ಬರೆದಿಲ್ಲ.
– ಗೃಹಿಣಿ, ತುಮಕೂರು

ಒಂದು ಕಿವಿಮಾತು. ನಿಮ್ಮಂಥವರು ಸಿಗ್ತಾರೆ ಅಂತ ದಿನಗೂಲಿ ಹೆಂಗಸರನ್ನು ಬಿಡಿಸುವ ತೋಟವಾದರೆ ಅತ್ತ ತಲೆ ಹಾಕಬೇಡಿ. ಫೋನಿನಲ್ಲೇ ಕೇಳಿಬಿಡಿ.
– ಓದುಗ, ಮಂಡ್ಯ

ನಮ್ಮ ತೋಟಕ್ಕೂ ಹೀಗೆ ಬರುವವರಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮಲೆನಾಡಿಗಾದರೆ ಮಳೆಗಾಲದಲ್ಲಿ ಬರಬೇಡಿ ಅಣ್ಣಾ. ಉಂಬಳ (ಜಿಗಣೆ) ಕಚ್ಚಿದರೆ ಸುಧಾರಿಸಬಹುದು, ಪಾಚಿ ಮೇಲೆ ಜಾರಿ ಬಿದ್ದರೆ ಕಷ್ಟ. ದೀಪಾವಳಿ ಕಳೆದ ಮೇಲೆ ಬನ್ನಿ, ಅಡಿಕೆ ಕೊಯ್ಲು ಇರುತ್ತದೆ. ರಾತ್ರಿ ಎಲ್ಲರೂ ಕೂತು ಸುಲಿಯುತ್ತೇವೆ. ಮೆಟ್ಟುಗತ್ತಿ ಮಾತ್ರ ಹೊಸಬರ ಕೈಗೆ ಕೊಡೋದಿಲ್ಲ. ಕುರ್ಚಿ ಹಾಕಿಕೊಡುತ್ತೇವೆ, ಗೊನೆಯಿಂದ ಅಡಿಕೆ ಬಿಡಿಸಿ, ಹಣ್ಣಾದ ಗೋಟಡಿಕೆ ಬೇರೆ ಮಾಡಿ. ಹೊರಡುವ ಮುಂಚೆ ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಳ್ಳಿ. ಕಮೋಡ್ ಇದೆಯಾ ಅಂತ ನಾಚಿಕೆ ಬಿಟ್ಟು ಕೇಳಿ. ಒಬ್ಬರು ಕೇಳದೆ ಬಂದು ಮೂರೇ ದಿನಕ್ಕೆ ಬಸ್ಸು ಹತ್ತಿದರು.

ನೀವು ಬ್ಯಾಂಕಿನವರಲ್ವಾ? ಅಡಿಕೆ, ಕಾಳುಮೆಣಸಿನಂಥ ಬೆಳೆಗೆ ಸಾವಯವ ಸರ್ಟಿಫಿಕೇಟ್ ಬೇಕು ಅಂದರೆ ಸಾಮಾನ್ಯವಾಗಿ 3 ವರ್ಷ ಕಾಯಬೇಕು. ಅಷ್ಟೂ ದಿನ ಏನು ಹಾಕಿದೆವು, ಎಷ್ಟು ಕೊಯ್ದೆವು, ಎಲ್ಲಕ್ಕೂ ಲೆಕ್ಕ ಇರಬೇಕು. ನಮ್ಮದೆಲ್ಲ ಕ್ಯಾಲೆಂಡರಿನ ಹಿಂದೆ, ಹಾಲಿನ ಚೀಟಿ ಮೇಲೆ ಇದೆ. ಗುದ್ದಲಿ ಆಮೇಲೆ ನೋಡೋಣ, ಬರುವಾಗ ಕನ್ನಡಕ ಮರೀಬೇಡಿ.
– ಕೃಷಿಕ ಮಹಿಳೆ, ತೀರ್ಥಹಳ್ಳಿ