ಅಪಾಚೆ ಸ್ಟಾರ್ಟ್ ಆಗುತ್ತಿಲ್ಲ, ಎರರ್ ಲಾಗ್ ಕೂಡ ಖಾಲಿ (ಪರಿಹಾರ ಸಿಕ್ಕಿದೆ)

ಪ್ರಶ್ನೆ

ವಿಂಡೋಸ್ 11ರಲ್ಲಿ ಜ್ಯಾಂಪ್ (ಅಪಾಚೆ ವೆಬ್ ಸರ್ವರ್, ಡೇಟಾಬೇಸ್, ಪಿಎಚ್‌ಪಿ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿಕೊಂಡಿದ್ದೇನೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಪಾಚೆ ಎದುರಿನ ಸ್ಟಾರ್ಟ್ ಒತ್ತಿದರೆ ಹೆಸರು ಒಂದು ಕ್ಷಣ ಹಳದಿಯಾಗುತ್ತದೆ, ಆಮೇಲೆ ಕೆಂಪಕ್ಷರದಲ್ಲಿ ‘ಅಪಾಚೆ ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್ಲಿ’ ಅಂತ ಬಂದು ನಿಂತುಬಿಡುತ್ತದೆ. ಎರರ್ ಲಾಗ್ ತೆರೆದು ನೋಡಿದರೆ ಅದರಲ್ಲಿ ಒಂದು ಸಾಲೂ ಇಲ್ಲ. ಮೊದಲು ಚೆನ್ನಾಗಿಯೇ ಓಡುತ್ತಿತ್ತು. ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ, ಫೈರ್‌ವಾಲ್ ಆಫ್ ಮಾಡಿ ನೋಡಿದೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಏನೂ ಬದಲಾಗಲಿಲ್ಲ. ಪಿಎಚ್‌ಪಿಯಲ್ಲಿ ಬರೆಯುತ್ತಿರುವ ಪುಸ್ತಕಪಟ್ಟಿಯ ಪ್ರಾಜೆಕ್ಟ್ ಅರ್ಧಕ್ಕೆ ನಿಂತಿದೆ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಉತ್ತರ

ಮೊದಲು ಫೈರ್‌ವಾಲ್ ಮತ್ತೆ ಆನ್ ಮಾಡಿ. ಅದು ಹೊರಗಿನಿಂದ ಬರುವ ಸಂಪರ್ಕವನ್ನು ತಡೆಯುತ್ತದೆಯೇ ಹೊರತು ನಿಮ್ಮದೇ ಯಂತ್ರದಲ್ಲಿ ಅಪಾಚೆ ಏಳುವುದನ್ನಲ್ಲ. ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವುದೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೊಸದಾಗಿ ಹಾಕಿದ ಮೇಲೂ ಅದೇ ಗೋಳು ಇದೆ ಅಂದರೆ ತೊಂದರೆ ಜ್ಯಾಂಪ್ ಫೋಲ್ಡರಿನ ಒಳಗಿಲ್ಲ, ಹೊರಗಿದೆ.

ಲಾಗ್ ಖಾಲಿ ಇರುವುದೇ ಇಲ್ಲಿ ಒಳ್ಳೆಯ ಸುಳಿವು. ಅಪಾಚೆ ಏಳುವಾಗ ಮೊದಲು ಕಾನ್ಫಿಗ್ ಫೈಲ್ ಓದುತ್ತದೆ, ಆಮೇಲೆ ಪೋರ್ಟ್ (ಸಂಪರ್ಕ ಬರುವ, ಸಂಖ್ಯೆಯಿರುವ ಬಾಗಿಲು) ಹಿಡಿಯುತ್ತದೆ, ಅದಾದ ಮೇಲೆಯೇ ಲಾಗ್ ಫೈಲ್ ತೆರೆಯುವುದು. ಮೊದಲೆರಡು ಹಂತದಲ್ಲಿ ಎಡವಿದರೆ ದೂರು ಹೋಗುವುದು ಪರದೆಗೆ, ಲಾಗ್‌ಗಲ್ಲ. ಕಂಟ್ರೋಲ್ ಪ್ಯಾನೆಲ್ ಆ ಪರದೆಯನ್ನು ನಿಮಗೆ ತೋರಿಸುವುದಿಲ್ಲ. ಹಾಗಾಗಿ ಪ್ಯಾನೆಲ್ ಬಿಟ್ಟು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಜ್ಯಾಂಪ್ ಒಳಗಿನ ಅಪಾಚೆ ಫೋಲ್ಡರ್, ಅದರೊಳಗಿನ ಬಿನ್ ಫೋಲ್ಡರಿಗೆ ಹೋಗಿ ಎಚ್‌ಟಿಟಿಪಿಡಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಕಾರಣ ಅಲ್ಲೇ ಬರುತ್ತದೆ. ಅದರಲ್ಲಿರುವ ಓಎಸ್ ಸಂಖ್ಯೆಯನ್ನು ಬಿಡದೆ ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು

ಬಂತು! ಓಎಸ್ 10013, ಆಮೇಲೆ ‘ಕುಡ್ ನಾಟ್ ಬೈಂಡ್ ಟು ಅಡ್ರೆಸ್’, ಕೊನೆಯಲ್ಲಿ 80. ಇಷ್ಟು ಹೊತ್ತು ಇದು ಎಲ್ಲಿ ಅಡಗಿತ್ತೋ. ಯಾವ ಪೋರ್ಟ್ ಯಾರ ಕೈಯಲ್ಲಿದೆ ಅಂತ ತೋರಿಸುವ ನೆಟ್‌ಸ್ಟ್ಯಾಟ್ ಹಾಕಿ ನೋಡಿದರೆ 80ರ ಎದುರು ಪಿಐಡಿ (ಪ್ರೋಸೆಸ್ ಸಂಖ್ಯೆ) 4 ಅಂತ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 4 ಅಂದರೆ ‘ಸಿಸ್ಟಮ್’. ಇದನ್ನು ಎಂಡ್ ಟಾಸ್ಕ್ ಮಾಡಬಹುದೇ?

ಉತ್ತರ

ಬೇಡ, ಅದು ವಿಂಡೋಸ್‌ನ ತಿರುಳಾದ ಕರ್ನಲ್ಲೇ. ಅಲ್ಲಿಂದ ಯಾರೂ ಏನನ್ನೂ ಕೊಲ್ಲಬಾರದು.

ಓಎಸ್ 10048 ಬಂದಿದ್ದರೆ ಇನ್ನೊಂದು ಸಾಮಾನ್ಯ ಪ್ರೋಗ್ರಾಂ ಅದೇ ಪೋರ್ಟ್ ಹಿಡಿದು ಕೂತಿದೆ ಅಂತ ಅರ್ಥ. ಪಿಐಡಿ ನೋಡಿ ಅದನ್ನು ಮುಚ್ಚಿದರೆ ಕೆಲಸ ಮುಗಿಯುತ್ತಿತ್ತು. 10013 ಅಂದರೆ ‘ನಿನಗೆ ಅನುಮತಿ ಇಲ್ಲ’ ಅಂತ ವಿಂಡೋಸ್ ಹೇಳುತ್ತಿದೆ. ಪಿಐಡಿ 4 ಜೊತೆಗಿದ್ದರೆ ಕರ್ನಲ್ ಒಳಗಿನ ಎಚ್‌ಟಿಟಿಪಿ ಡ್ರೈವರ್ ಯಾರದೋ ಪರವಾಗಿ 80 ಹಿಡಿದಿದೆ. ಯಾರ ಪರವಾಗಿ ಅನ್ನುವುದೇ ಈಗಿನ ಪ್ರಶ್ನೆ.

ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್‌ಎಸ್‌ಎಚ್ ಎಚ್‌ಟಿಟಿಪಿ ಶೋ ಸರ್ವಿಸ್‌ಸ್ಟೇಟ್’ ಕೊಡಿ. ಉದ್ದನೆಯ ಪಟ್ಟಿ ಬರುತ್ತದೆ, ಗಾಬರಿ ಬೇಡ. ಅದರಲ್ಲಿ 80 ಇರುವ ಯುಆರ್‌ಎಲ್ ಹುಡುಕಿ, ಅದೇ ಗುಂಪಿನಲ್ಲಿ ಪ್ರೋಸೆಸ್ ಐಡಿ ಇದ್ದರೆ ಬರೆದುಕೊಳ್ಳಿ. ಬಹಳ ಸಲ ಅದರ ಹಿಂದಿರುವುದು ವಿಂಡೋಸ್‌ನದೇ ವೆಬ್ ಸರ್ವರ್ ಆದ ಐಐಎಸ್‌ನ ‘ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್’. ವಿಂಡೋಸ್ ಫೀಚರ್‌ಗಳನ್ನು ಆನ್ ಮಾಡುವಾಗಲೋ ಬೇರೊಂದು ಡೆವಲಪ್‌ಮೆಂಟ್ ಟೂಲ್ ಹಾಕುವಾಗಲೋ ಅದೂ ಜೊತೆಗೆ ಬಂದಿರುತ್ತದೆ. ಸರ್ವಿಸಸ್ ಕಿಟಕಿಯಲ್ಲಿ ಅದನ್ನು ಸ್ಟಾಪ್ ಮಾಡಿ, ಸ್ಟಾರ್ಟಪ್ ಟೈಪ್ ‘ಮ್ಯಾನ್ಯುಯಲ್’ ಮಾಡಿ.

ಒಂದು ಎಚ್ಚರಿಕೆ. ‘ನೆಟ್ ಸ್ಟಾಪ್ ಎಚ್‌ಟಿಟಿಪಿ’ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಪೋರ್ಟ್ ಬಿಡುಗಡೆ ಆಗುವುದೇನೋ ನಿಜ, ಆದರೆ ಪ್ರಿಂಟ್ ಸ್ಪೂಲರ್ ಕೂಡ ಆ ಡ್ರೈವರನ್ನೇ ನೆಚ್ಚಿಕೊಂಡಿದೆ. ಅದೂ ನಿಲ್ಲುತ್ತದೆ. ನಾಳೆ ಪ್ರಿಂಟ್ ಆಗುತ್ತಿಲ್ಲ ಅಂತ ಇನ್ನೊಂದು ಚರ್ಚೆ ತೆರೆಯಬೇಕಾಗುತ್ತದೆ. ಇಡೀ ಡ್ರೈವರ್ ಬೇಡ, ಅದರ ಮೇಲೆ ಕೂತ ಸರ್ವಿಸ್ ಒಂದನ್ನೇ ನಿಲ್ಲಿಸಿ. ಐಐಎಸ್ ನಿಮಗೆ ಬೇಕೇ ಬೇಕು ಅಂದರೆ ಅಪಾಚೆಯ ಮುಖ್ಯ ಕಾನ್ಫಿಗ್‌ನಲ್ಲಿ ‘ಲಿಸನ್ 80’ ಇರುವುದನ್ನು 8080 ಮಾಡಿ, ಸರ್ವರ್‌ನೇಮ್ ಸಾಲಿನಲ್ಲೂ ಅದನ್ನೇ ಬರೆಯಿರಿ.

ಮತ್ತೊಬ್ಬರು

ಇದಕ್ಕೆ ಸೇರಿಸುವುದು: 10013 ಬಂದು, ನೆಟ್‌ಸ್ಟ್ಯಾಟ್‌ನಲ್ಲಿ ಆ ಪೋರ್ಟ್ ಎದುರು ಯಾರೂ ಇಲ್ಲದಿದ್ದರೆ ಹೈಪರ್-ವಿ (ವರ್ಚುಯಲ್ ಯಂತ್ರಗಳನ್ನು ಓಡಿಸುವ ವಿಂಡೋಸ್ ಸೌಲಭ್ಯ) ಕಡೆ ನೋಡಿ. ಅದು ಕೆಲವು ಪೋರ್ಟ್‌ಗಳನ್ನು ಸಾಲಾಗಿ ಕಾಯ್ದಿರಿಸಿಕೊಳ್ಳುತ್ತದೆ. 3000, 8080 ತರಹದವು ಅದರಲ್ಲಿ ಸಿಕ್ಕಿಬಿದ್ದರೆ ಸರ್ವರ್ ಏಳುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ಸಾಲು ಬದಲಾಗಬಹುದು, ಅದಕ್ಕೇ ಒಂದು ದಿನ ಓಡಿ ಮರುದಿನ ಕೈಕೊಡುವುದು. ‘ನೆಟ್‌ಎಸ್‌ಎಚ್ ಇಂಟರ್‌ಫೇಸ್ ಐಪಿವಿ4 ಶೋ ಎಕ್ಸ್‌ಕ್ಲೂಡೆಡ್‌ಪೋರ್ಟ್‌ರೇಂಜ್ ಪ್ರೋಟೋಕಾಲ್=ಟಿಸಿಪಿ’ ಕೊಟ್ಟರೆ ಪಟ್ಟಿ ಸಿಗುತ್ತದೆ. ಮ್ಯಾಕ್‌ನವರಿಗೂ ಒಂದು ಮಾತು: 2021ರ ಮಾಂಟೆರೆಯಿಂದ ಈಚೆಗೆ ಏರ್‌ಪ್ಲೇ ರಿಸೀವರ್ 5000ವನ್ನು ಬಳಸುತ್ತದೆ. ಅದೇ ಪೋರ್ಟ್ ಬಳಸುವ ಫ್ಲಾಸ್ಕ್ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಕಲಿಯುವವರು ಅಲ್ಲೇ ಮುಗ್ಗರಿಸುತ್ತಾರೆ.

ಪ್ರಶ್ನೆ ಕೇಳಿದವರು

ಐಐಎಸ್ಸೇ ಆಗಿತ್ತು. ನಿಲ್ಲಿಸಿದೆ, ಅಪಾಚೆ ಹಸಿರಾಯಿತು, ತುಂಬಾ ಧನ್ಯವಾದ. ಆದರೆ ಈಗ ಬೇರೆ ಕಾಟ. ಪ್ರಾಜೆಕ್ಟ್ ಡಿ ಡ್ರೈವಿನಲ್ಲಿದೆ. ‘ಪುಸ್ತಕ ಡಾಟ್ ಡೆವ್’ ಅಂತ ವರ್ಚುಯಲ್ ಹೋಸ್ಟ್ (ಒಂದೇ ಅಪಾಚೆಯಲ್ಲಿ ಪ್ರತ್ಯೇಕ ಹೆಸರಿನ ತಾಣ) ಬರೆದು, ಹೆಸರನ್ನು ವಿಳಾಸಕ್ಕೆ ಜೋಡಿಸುವ ಹೋಸ್ಟ್ಸ್ ಫೈಲಿನಲ್ಲೂ ನನ್ನದೇ ಯಂತ್ರದ ವಿಳಾಸ 127.0.0.1 ಜೊತೆ ಸೇರಿಸಿದ್ದೇನೆ. ಬ್ರೌಸರ್‌ನಲ್ಲಿ ತೆರೆದರೆ ತಾನಾಗಿ ಎಚ್‌ಟಿಟಿಪಿಎಸ್‌ಗೆ ಹೋಗಿ ಭದ್ರತೆಯ ಎಚ್ಚರಿಕೆ ಕೊಡುತ್ತದೆ. ಬರೀ ಲೋಕಲ್‌ಹೋಸ್ಟ್ ಅಂತ ಹೊಡೆದರೆ ಜ್ಯಾಂಪ್ ಮುಖಪುಟದ ಬದಲು 403 ಫರ್ಬಿಡನ್. ಕಾನ್ಫಿಗ್ ಕೆಟ್ಟುಹೋಯಿತಾ?

ಉತ್ತರ

ಕೆಟ್ಟಿಲ್ಲ. ಮೂರು ಬೇರೆ ಬೇರೆ ವಿಷಯ ಒಟ್ಟಿಗೆ ಬಂದಿವೆ. ಒಂದೊಂದಾಗಿ ಬಿಡಿಸೋಣ. ಒಂದು ಬದಲಾವಣೆ ಮಾಡಿ, ಅಪಾಚೆ ರೀಸ್ಟಾರ್ಟ್ ಮಾಡಿ, ನೋಡಿ, ಆಮೇಲೆಯೇ ಮುಂದಿನದು. ಎಲ್ಲವನ್ನೂ ಒಮ್ಮೆಲೇ ತಿದ್ದಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಇನ್ನೊಂದು ಸಲ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕು.

ಎಚ್‌ಟಿಟಿಪಿಎಸ್ ಕಥೆ ನಿಮ್ಮ ಸರ್ವರ್‌ನದಲ್ಲ, ಬ್ರೌಸರ್‌ನದು. ಡಾಟ್ ಡೆವ್ ಗೂಗಲ್ ಕೈಯಲ್ಲಿರುವ ನಿಜವಾದ ಡೊಮೇನ್. ಆ ಹೆಸರಿನಲ್ಲಿ ಮುಗಿಯುವ ಯಾವ ತಾಣವನ್ನೂ ಎಚ್‌ಟಿಟಿಪಿಎಸ್‌ನಲ್ಲೇ ತೆರೆಯಬೇಕು ಅಂತ ಬ್ರೌಸರ್‌ಗಳ ಒಳಗೇ ಬರೆದಿಟ್ಟ ಪಟ್ಟಿಯಿದೆ. 2017ರ ಡಿಸೆಂಬರ್‌ನಲ್ಲಿ ಬಂದ ಕ್ರೋಮ್ 63ರಿಂದ ಹೀಗೆ. ಖಾತ್ರಿ ಬೇಕಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕರ್ಲ್‌ನಿಂದ ಅದೇ ವಿಳಾಸಕ್ಕೆ ಹೋಗಿ. ಅದು ಆ ಪಟ್ಟಿಯನ್ನು ನೋಡುವುದಿಲ್ಲ, ಹಾಗಾಗಿ ಅಪಾಚೆಯ ಉತ್ತರವೇ ನೇರವಾಗಿ ಸಿಗುತ್ತದೆ. ಹೆಸರನ್ನು ‘ಪುಸ್ತಕ ಡಾಟ್ ಟೆಸ್ಟ್’ ಅಂತ ಬದಲಿಸಿ. ಡಾಟ್ ಟೆಸ್ಟ್ ಅನ್ನು 1999ರಲ್ಲೇ ಆರ್‌ಎಫ್‌ಸಿ 2606 ಇಂಥ ಕೆಲಸಕ್ಕೆಂದೇ ಮೀಸಲಿಟ್ಟಿದೆ, ಅದನ್ನು ಯಾರಿಗೂ ಮಾರುವುದಿಲ್ಲ. ಡಾಟ್ ಲೋಕಲ್ ಕಡೆಗೂ ಹೋಗಬೇಡಿ, ಅದು ಮಲ್ಟಿಕಾಸ್ಟ್ ಡಿಎನ್‌ಎಸ್‌ನದು, ಕೆಲವು ಯಂತ್ರಗಳಲ್ಲಿ ಹೆಸರು ಹುಡುಕುವುದೇ ನಿಧಾನವಾಗುತ್ತದೆ.

ಹೋಸ್ಟ್ಸ್ ಫೈಲ್ ತಿದ್ದುವಾಗ ನೋಟ್‌ಪ್ಯಾಡ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಉಳಿಸಿದ ಮೇಲೆ ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಅಂಟಿಕೊಂಡಿಲ್ಲ ತಾನೇ ಅಂತ ನೋಡಿ. ಪರೀಕ್ಷೆಗೆ ಪಿಂಗ್ ಬಳಸಿ. ಎನ್‌ಎಸ್‌ಲುಕಪ್ ನೇರ ಡಿಎನ್‌ಎಸ್ ಸರ್ವರ್‌ಗೆ ಹೋಗುತ್ತದೆ, ಹೋಸ್ಟ್ಸ್ ಫೈಲನ್ನು ಮೂಸಿಯೂ ನೋಡುವುದಿಲ್ಲ. ‘ಹೆಸರು ಸಿಗಲಿಲ್ಲ’ ಅಂತ ಅದು ಹೇಳಿದರೆ ನಿಮ್ಮ ಫೈಲ್ ತಪ್ಪು ಅಂತಲ್ಲ.

ಲೋಕಲ್‌ಹೋಸ್ಟ್ ತಪ್ಪು ಕಡೆ ಹೋಗುತ್ತಿರುವುದಕ್ಕೆ ಕಾರಣ ವರ್ಚುಯಲ್ ಹೋಸ್ಟ್ ಫೈಲ್. ಒಂದು ಪೋರ್ಟಿಗೆ ನೀವು ವರ್ಚುಯಲ್ ಹೋಸ್ಟ್ ಬರೆದ ಕೂಡಲೇ ಆ ಪೋರ್ಟ್‌ನಲ್ಲಿ ಅಪಾಚೆಯ ಮೂಲ ಡಾಕ್ಯುಮೆಂಟ್‌ರೂಟ್ (ಪುಟಗಳನ್ನು ಹುಡುಕುವ ಫೋಲ್ಡರ್) ಬದಿಗೆ ಸರಿಯುತ್ತದೆ. ಕೇಳಿದ ಹೆಸರು ಯಾವುದಕ್ಕೂ ಹೊಂದದಿದ್ದರೆ ಫೈಲಿನಲ್ಲಿ ಮೊದಲು ಇರುವ ಹೋಸ್ಟೇ ಉತ್ತರ ಕೊಡುತ್ತದೆ. ನಿಮ್ಮಲ್ಲಿ ಇರುವುದು ಪುಸ್ತಕದ್ದೊಂದೇ, ಹಾಗಾಗಿ ಲೋಕಲ್‌ಹೋಸ್ಟ್ ಕೂಡ ಅದಕ್ಕೇ ಹೋಗುತ್ತಿದೆ. ಅದರ ಮೇಲೆ ಲೋಕಲ್‌ಹೋಸ್ಟ್ ಹೆಸರಿನ, ಜ್ಯಾಂಪ್‌ನ ಮೂಲ ಪುಟಗಳ ಫೋಲ್ಡರ್ ಎಚ್‌ಟಿಡಾಕ್ಸ್‌ಗೆ ತೋರಿಸುವ ಇನ್ನೊಂದು ಬ್ಲಾಕ್ ಬರೆಯಿರಿ. ಬರೆದಾದ ಮೇಲೆ ಎಚ್‌ಟಿಟಿಪಿಡಿ ಕಮಾಂಡಿಗೆ ಅಡ್ಡಗೆರೆ ಹಾಕಿ ದೊಡ್ಡ ಎಸ್ ಸೇರಿಸಿ ಓಡಿಸಿ. ಯಾವ ಹೆಸರು ಯಾವ ಫೈಲಿನ ಎಷ್ಟನೇ ಸಾಲಿನಿಂದ ಬಂತು, ಡಿಫಾಲ್ಟ್ ಯಾರು, ಎಲ್ಲ ಅಚ್ಚುಕಟ್ಟಾಗಿ ತೋರಿಸುತ್ತದೆ. ಇಷ್ಟು ಉಪಯುಕ್ತವಾದ ಆಯ್ಕೆ ಇದೆ ಅಂತ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಚಿಕ್ಕ ಟಿ ಸೇರಿಸಿದರೆ ವಾಕ್ಯರಚನೆ ಮಾತ್ರ ಪರೀಕ್ಷಿಸುತ್ತದೆ, ಅದನ್ನು ಪ್ರತಿ ರೀಸ್ಟಾರ್ಟ್‌ಗೂ ಮುನ್ನ ಮಾಡಿ.

ಇನ್ನು 403. ಈಗ ಅಪಾಚೆ ಎದ್ದಿದೆ, ಆದ್ದರಿಂದ ಲಾಗ್ ಕೂಡ ಮಾತಾಡುತ್ತದೆ. ಅದರಲ್ಲಿ ಎಎಚ್01630 ಸಂಖ್ಯೆಯ ಸಾಲು ಇದ್ದೇ ಇರಬೇಕು, ‘ಕ್ಲೈಂಟ್ ಡಿನೈಡ್ ಬೈ ಸರ್ವರ್ ಕಾನ್ಫಿಗರೇಶನ್’ ಅಂತ. ಎಚ್‌ಟಿಡಾಕ್ಸ್‌ನ ಹೊರಗಿನ ಫೋಲ್ಡರ್‌ಗಳಿಗೆ ಅಪಾಚೆ ಡಿಫಾಲ್ಟಾಗಿ ಬಾಗಿಲು ಹಾಕಿರುತ್ತದೆ. ಡಿ ಡ್ರೈವಿನ ಆ ಫೋಲ್ಡರಿಗೆ ಒಂದು ಡೈರೆಕ್ಟರಿ ಬ್ಲಾಕ್ ಬರೆದು ಒಳಗೆ ‘ರಿಕ್ವೈರ್ ಆಲ್ ಗ್ರಾಂಟೆಡ್’ ಸೇರಿಸಿ. ಹಳೆಯ ಪಾಠಗಳಲ್ಲಿ ‘ಆರ್ಡರ್ ಅಲೌ ಡಿನೈ’ ಅಂತ ಕಾಣುತ್ತೀರಿ. ಅದು 2.2ರ ಕಾಲದ್ದು, 2012ರಲ್ಲಿ ಬಂದ 2.4ರಲ್ಲಿ ಪದ್ಧತಿ ಬದಲಾಗಿದೆ. ಎರಡನ್ನೂ ಬೆರೆಸಬೇಡಿ. ಫೋಲ್ಡರಿನ ದಾರಿ ಬರೆಯುವಾಗ ಮುಂದೆ ಬಾಗಿದ ಗೆರೆ (/) ಬಳಸಿ, ವಿಂಡೋಸ್‌ನ ಹಿಂದೆ ಬಾಗಿದ್ದಲ್ಲ.

ಪ್ರಶ್ನೆ ಕೇಳಿದವರು

ಮೂರೂ ನೀವು ಹೇಳಿದ ಕ್ರಮದಲ್ಲೇ ಸರಿಹೋದವು, ಎಎಚ್01630 ಕೂಡ ಕಣ್ಣೆದುರೇ ಇತ್ತು. ಮುಖಪುಟ ಬರುತ್ತಿದೆ. ಒಳಗಿನ ಯಾವ ಕೊಂಡಿ ಒತ್ತಿದರೂ 404. ಡಾಟ್ ಎಚ್‌ಟಿಆ್ಯಕ್ಸೆಸ್ ಫೈಲ್ (ಆ ಫೋಲ್ಡರಿಗಷ್ಟೇ ಅಪಾಚೆಗೆ ಕೊಡುವ ಸೂಚನೆಗಳು) ಸರಿಯಾದ ಜಾಗದಲ್ಲೇ ಇದೆ.

ಉತ್ತರ

ಫೈಲ್ ಇರುವುದು ಬೇರೆ, ಅಪಾಚೆ ಅದನ್ನು ಓದುವುದು ಬೇರೆ. ಪತ್ತೆ ಹಚ್ಚಲು ಸುಲಭದ ದಾರಿಯಿದೆ: ಆ ಫೈಲಿನ ಮೊದಲ ಸಾಲಿನಲ್ಲಿ ಅರ್ಥವಿಲ್ಲದ ಒಂದು ಪದ ಬರೆದು ಪುಟವನ್ನು ಮತ್ತೆ ತೆರೆಯಿರಿ. 500 ಬಂದರೆ ಅಪಾಚೆ ಓದುತ್ತಿದೆ, ತಪ್ಪು ನಿಮ್ಮ ರೀರೈಟ್ ನಿಯಮದಲ್ಲಿ. ಏನೂ ಆಗದಿದ್ದರೆ ಓದುತ್ತಲೇ ಇಲ್ಲ. ನಿಮ್ಮದು ಎರಡನೆಯದೇ ಇರಬೇಕು, ಯಾಕೆಂದರೆ ‘ಅಲೌಓವರ್‌ರೈಡ್’ನ ಡಿಫಾಲ್ಟ್ ಬೆಲೆ ‘ನನ್’. ಈಗ ತಾನೇ ಬರೆದ ಡೈರೆಕ್ಟರಿ ಬ್ಲಾಕಿನಲ್ಲೇ ‘ಅಲೌಓವರ್‌ರೈಡ್ ಆಲ್’ ಸೇರಿಸಿ. ಪರೀಕ್ಷೆಯ ಪದ ಅಳಿಸುವುದನ್ನು ಮರೆಯಬೇಡಿ.

ಮತ್ತೊಬ್ಬರು

ನನ್ನದು ಉಬುಂಟು. 403 ಬರುತ್ತಿದೆ, ರಿಕ್ವೈರ್ ಆಲ್ ಗ್ರಾಂಟೆಡ್ ಕೂಡ ಇದೆ. ಲಾಗ್‌ನಲ್ಲಿ ಬೇರೆ ಸಂಖ್ಯೆ, ಎಎಚ್00035.

ಉತ್ತರ

ಅದು ಕಾನ್ಫಿಗ್ ಅಲ್ಲ, ಫೈಲ್ ಸಿಸ್ಟಮ್‌ನ ಅನುಮತಿ. ಪ್ರಾಜೆಕ್ಟ್ ನಿಮ್ಮ ಹೋಮ್ ಫೋಲ್ಡರಿನಲ್ಲಿದೆ ಅಲ್ಲವೇ? ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳ ಅನುಮತಿ 750. ಅಪಾಚೆ ಓಡುವುದು ಬೇರೆ ಬಳಕೆದಾರನ ಹೆಸರಿನಲ್ಲಿ, ಅವನಿಗೆ ಆ ಫೋಲ್ಡರ್ ದಾಟುವ ಹಕ್ಕೇ ಇಲ್ಲ. ಒಳಗಿನ ಫೈಲಿಗೆ ಏನೇ ಅನುಮತಿ ಕೊಟ್ಟರೂ ದಾರಿಯ ಮಧ್ಯದ ಒಂದು ಫೋಲ್ಡರ್ ತಡೆದರೆ ಮುಗಿಯಿತು. ‘ನೇಮ್‌ಐ’ಗೆ ಅಡ್ಡಗೆರೆ ಎಲ್ ಸೇರಿಸಿ ಪೂರ್ತಿ ದಾರಿ ಕೊಡಿ, ಪ್ರತಿ ಮೆಟ್ಟಿಲಿನ ಅನುಮತಿಯೂ ಸಾಲಾಗಿ ಕಾಣುತ್ತದೆ. ಪ್ರಾಜೆಕ್ಟನ್ನು ಹೋಮ್‌ನಿಂದ ಹೊರಗೆ, ವಾರ್ ಒಳಗಿನ ಡಬ್ಲ್ಯುಡಬ್ಲ್ಯುಡಬ್ಲ್ಯು ಫೋಲ್ಡರಿಗೆ ಸಾಗಿಸುವುದು ಒಳ್ಳೆಯದು. ದಯವಿಟ್ಟು 777 ಮಾತ್ರ ಹಾಕಬೇಡಿ. ಅದು ಅಭ್ಯಾಸವಾದರೆ ಮುಂದೊಂದು ದಿನ ನಿಜವಾದ ಸರ್ವರ್‌ಗೂ ಅದೇ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಕೊಂಡಿಗಳೆಲ್ಲ ಕೆಲಸ ಮಾಡುತ್ತಿವೆ. ಇನ್ನೊಂದೇ ಉಳಿದಿದೆ. ಡೇಟಾಬೇಸ್‌ಗೆ ಹೋದರೆ ‘ಆ್ಯಕ್ಸೆಸ್ ಡಿನೈಡ್ ಫಾರ್ ಯೂಸರ್ ರೂಟ್’. ಜ್ಯಾಂಪ್‌ನಲ್ಲಿ ರೂಟ್‌ಗೆ ಪಾಸ್‌ವರ್ಡ್ ಇಲ್ಲ, ನಾನೂ ಖಾಲಿ ಬಿಟ್ಟಿದ್ದೇನೆ. ವಿಚಿತ್ರ ಅಂದರೆ ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯುಎಲ್ ಹಸಿರೇ ಆಗಿಲ್ಲ.

ಉತ್ತರ

ಕೊನೆಯ ಸಾಲಿನಲ್ಲೇ ಉತ್ತರವಿದೆ. ಮೈಎಸ್‌ಕ್ಯುಎಲ್‌ನ ಪೋರ್ಟ್ 3306ರಲ್ಲಿ ಯಾರೂ ಇಲ್ಲದಿದ್ದರೆ ‘ಸಂಪರ್ಕ ನಿರಾಕರಿಸಲಾಗಿದೆ’ ಅಂತ ಬರಬೇಕಿತ್ತು. ‘ಆ್ಯಕ್ಸೆಸ್ ಡಿನೈಡ್’ ಅನ್ನಬೇಕಾದರೆ ಅಲ್ಲೊಂದು ಸರ್ವರ್ ಕೂತು, ನಿಮ್ಮ ಹೆಸರು ಕೇಳಿ, ಬೇಡ ಅಂದಿದೆ. ಅಂದರೆ ಪ್ರತ್ಯೇಕವಾಗಿ ಇನ್‌ಸ್ಟಾಲ್ ಆದ ಇನ್ನೊಂದು ಮೈಎಸ್‌ಕ್ಯುಎಲ್ ಓಡುತ್ತಿದೆ, ನಿಮ್ಮ ಪ್ರಾಜೆಕ್ಟ್ ಅದರ ಜೊತೆ ಮಾತಾಡುತ್ತಿದೆ. ಜ್ಯಾಂಪ್‌ನದು ಆ ಪೋರ್ಟ್ ಸಿಗದೆ ಹೊರಗೆ ನಿಂತಿದೆ. ಸರ್ವಿಸಸ್ ಪಟ್ಟಿಯಲ್ಲಿ ಮೈಎಸ್‌ಕ್ಯುಎಲ್ ಹೆಸರು ಹುಡುಕಿ ನಿಲ್ಲಿಸಿ, ಆಮೇಲೆ ಪ್ಯಾನೆಲ್‌ನಿಂದ ಸ್ಟಾರ್ಟ್ ಮಾಡಿ. ಯಾರ ಜೊತೆ ಮಾತಾಡುತ್ತಿದ್ದೀರಿ ಅಂತ ಸಂಶಯ ಬಂದರೆ ‘ಸೆಲೆಕ್ಟ್ ವರ್ಶನ್’ ಕೇಳಿ. ಪ್ಯಾನೆಲ್‌ನಲ್ಲಿ ಮೈಎಸ್‌ಕ್ಯುಎಲ್ ಅಂತ ಇದ್ದರೂ ಜ್ಯಾಂಪ್ ಜೊತೆ ಬರುವುದು ಅದರ ಕವಲಾದ ಮರಿಯಾಡಿಬಿ, ಉತ್ತರದಲ್ಲೇ ಆ ಹೆಸರು ಇರುತ್ತದೆ.

ಆಗಲೂ ಏಳದಿದ್ದರೆ ಡೇಟಾ ಫೋಲ್ಡರಿನಿಂದ ‘ಐಬಿಡೇಟಾ1’ ಅಳಿಸಿ ಅನ್ನುವ ಸಲಹೆ ಯಾರಾದರೂ ಕೊಡಬಹುದು. ಅಳಿಸಬೇಡಿ. ಇನ್ನೋಡಿಬಿ (ಡೇಟಾವನ್ನು ಕೂಡಿಡುವ ಎಂಜಿನ್) ಟೇಬಲ್‌ಗಳ ಲೆಕ್ಕಪತ್ರ ಅದರೊಳಗಿದೆ, ಹೋದರೆ ಟೇಬಲ್‌ಗಳು ಹೆಸರಿಗಷ್ಟೇ ಉಳಿಯುತ್ತವೆ. ಮೈಎಸ್‌ಕ್ಯುಎಲ್ ನಿಂತಿರುವಾಗ ಇಡೀ ಡೇಟಾ ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿಟ್ಟು, ಅದರ ಎರರ್ ಲಾಗ್‌ನ ಕೊನೆಯ ಇಪ್ಪತ್ತು ಸಾಲು ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರು

ಅಷ್ಟು ದೂರ ಹೋಗಬೇಕಾಗಲಿಲ್ಲ. ಹಳೆಯ ಸರ್ವಿಸ್ ನಿಲ್ಲಿಸಿದ ಕೂಡಲೇ ಹಸಿರಾಯಿತು, ವರ್ಶನ್ ಕೇಳಿದರೆ ಮರಿಯಾಡಿಬಿ ಅಂತ ಬಂತು, ಪುಸ್ತಕಗಳ ಪಟ್ಟಿ ಪರದೆಯ ಮೇಲಿದೆ. ಶೀರ್ಷಿಕೆಯಲ್ಲಿ ಪರಿಹಾರ ಸಿಕ್ಕಿದೆ ಅಂತ ಸೇರಿಸಿದ್ದೇನೆ.