ಕಾರಿನ ಬಾಗಿಲು: ‘ಸೀಲ್ ಮಾಡಿ’ ಅಂದರೆ ಮುಚ್ಚುವುದೋ, ಅಂಟಿಸುವುದೋ?

ಪ್ರಶ್ನೆ: ಕಾರಿನ ಬಾಗಿಲಿನಿಂದ ಒಳಗೆ ನೀರು ಸೋರುವುದನ್ನು ಸರಿಪಡಿಸುವ ಬಗ್ಗೆ ಉಡುಪಿಯ ಐಟಿಐ ಮಕ್ಕಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿದಾಗ ಹಿಂದೆ ಕಾಣುವ ಪ್ಲಾಸ್ಟಿಕ್ ಹಾಳೆಗೆ ‘ಜಲನಿರೋಧಕ ಪದರ’ ಎನ್ನಬಹುದೇ? ‘ಸೀಲ್ ಮಾಡಿ’ ಎಂದಿರುವಲ್ಲೆಲ್ಲ ‘ಮುಚ್ಚಿ’ ಎಂದು ಬರೆದರೆ ಸಾಕೇ? ಗ್ಯಾರೇಜಿನವರು ಎಲ್ಲದಕ್ಕೂ ‘ಬೀಡಿಂಗ್ (ರಬ್ಬರ್ ಪಟ್ಟಿ) ಹೋಗಿದೆ’ ಎನ್ನುತ್ತಾರೆ.

ಉತ್ತರ: ದಯವಿಟ್ಟು ‘ಮುಚ್ಚಿ’ ಎಂದು ಬರೆಯಬೇಡಿ. ಬಾಗಿಲಿನ ಹೊಟ್ಟೆಯೊಳಗೆ ನೀರು ಇಳಿಯುವುದು ದೋಷವೇ ಅಲ್ಲ. ಗಾಜಿನ ಹೊರಬದಿಯ ರಬ್ಬರ್ ಪಟ್ಟಿ ನೀರನ್ನು ಒರೆಸುತ್ತದೆ ಅಷ್ಟೆ, ಪೂರ್ತಿ ತಡೆಯುವುದಿಲ್ಲ. ಒಳಗಿಳಿದ ನೀರು ಬಾಗಿಲಿನ ಕೆಳ ಅಂಚಿನ ಸಣ್ಣ ಸೀಳುತೂತುಗಳಿಂದ ಹೊರಗೆ ಹೋಗಬೇಕು. ‘ತೂತು ಮುಚ್ಚಿ’ ಎಂದು ಓದಿದ ಹುಡುಗ ಅಲ್ಲಿಗೂ ಸಿಲಿಕೋನ್ ಮೆತ್ತಿದರೆ ನೀರು ಒಳಗೇ ನಿಲ್ಲುತ್ತದೆ, ತಗಡಿನ ಮಡಿಕೆಗೆ ತುಕ್ಕು ಹಿಡಿಯುತ್ತದೆ. ನಮ್ಮ ಕಡಲ ಗಾಳಿಗೆ ಅದು ಇನ್ನೂ ಬೇಗ.

ಆದ್ದರಿಂದ ಕ್ರಿಯಾಪದಗಳನ್ನು ಬೇರೆಬೇರೆ ಇಡಿ. ಕೆಳಗಿನ ತೂತುಗಳಿಗೆ ‘ಕಸ ಬಿಡಿಸಿ’. ವೈರ್ ಹಾಯುವ ರಬ್ಬರ್ ಬಿರಡೆಗೆ ‘ಬಿಗಿಯಾಗಿ ಕೂರಿಸಿ’. ಹಾಳೆಗೆ ಮಾತ್ರ ‘ಅಂಟಿಸಿ’.

ಹಾಳೆಗೆ ‘ನೀರ್ತಡೆ ಹಾಳೆ’ ಚೆನ್ನಾಗಿದೆ. ‘ಜಲನಿರೋಧಕ’ ಎಂದರೆ ತಾನು ನೀರು ಹೀರದ ವಸ್ತು ಎಂಬ ಅರ್ಥ ಬರುತ್ತದೆ. ಈ ಹಾಳೆಯ ಕೆಲಸ ನೀರನ್ನು ಮತ್ತೆ ಬಾಗಿಲಿನ ಒಳಕ್ಕೇ ತಿರುಗಿಸುವುದು. ಅನೇಕ ಕಾರುಗಳಲ್ಲಿ ಇದರ ಕೆಳ ಅಂಚು ಒಳತಗಡಿನ ಸಂದಿಯೊಳಗೆ ಹೋಗಿರುತ್ತದೆ. ಅದನ್ನು ಹೊರಗೆ ಬಿಟ್ಟರೆ ಸುತ್ತ ಎಷ್ಟು ಚೆನ್ನಾಗಿ ಅಂಟಿಸಿದ್ದರೂ ಕಾರ್ಪೆಟ್ ಒದ್ದೆಯಾಗುತ್ತದೆ. ಪವರ್ ವಿಂಡೋ, ಸ್ಪೀಕರ್ ರಿಪೇರಿಯ ನಂತರ ಸೋರಲು ಶುರುವಾಗುವುದು ಹೆಚ್ಚಾಗಿ ಹೀಗೆಯೇ: ಹಾಳೆ ಹರಿದಿರುತ್ತದೆ, ಇಲ್ಲವೇ ಧೂಳು ಹಿಡಿದ ಹಳೆಯ ಅಂಟಿನ ಮೇಲೆಯೇ ಒತ್ತಿರುತ್ತಾರೆ.

ಟಿಪ್ಪಣಿಯಲ್ಲಿ ಕ್ರಮ ಹೀಗಿರಲಿ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ. ಏಕೆಂದರೆ ಕೆಲವು ಕಾರುಗಳ ಬಾಗಿಲಿನಲ್ಲಿ ಏರ್‌ಬ್ಯಾಗಿನ ಸೆನ್ಸರ್ ಇರುತ್ತದೆ. ಹಳೆಯ ಅಂಟು ಕೆರೆದು, ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿಸಿ. 6ರಿಂದ 8 ಮಿ.ಮೀ. ದಪ್ಪದ ಬ್ಯುಟೈಲ್ (ಅಂಟಂಟಾದ ರಬ್ಬರ್) ಎಳೆಯನ್ನು ಎಲ್ಲೂ ಕಡಿಯದಂತೆ ಸುತ್ತ ಕೂರಿಸಿ, ತುದಿಗಳು ಒಂದರ ಮೇಲೊಂದು ಬರಲಿ. ಆ ಕೂಡುಜಾಗ ಮೇಲ್ಭಾಗದಲ್ಲಿರಬೇಕು, ಕೆಳಗೆ ಬೇಡ. ಹಾಳೆ ಒತ್ತಿದ ಮೇಲೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ಮತ್ತೆ ಒತ್ತಿ. ಬ್ಯುಟೈಲ್ ಬದಲು ಸಿಲಿಕೋನ್ ಬೇಡ, ಅದು ಪಾಲಿಥೀನ್ ಹಾಳೆಗೆ ಸರಿಯಾಗಿ ಹಿಡಿಯುವುದಿಲ್ಲ. ವಿನಿಗರ್ ವಾಸನೆಯದಂತೂ ತಗಡಿಗೇ ಕೇಡು. ಪ್ಯಾಡ್ ಹಾಕುವ ಮೊದಲು ಗಾಜಿನ ಮೇಲೆ ಐದು ನಿಮಿಷ ಪೈಪಿನ ನೀರು ಬಿಟ್ಟು, ಹಾಳೆಯ ಕೆಳಗೆ ಒಣ ಪೇಪರ್ ಹಿಡಿದು ನೋಡಲಿ. ಕೆಳತೂತುಗಳಿಂದ ನೀರು ಬರಬೇಕು, ಪೇಪರ್ ಒದ್ದೆಯಾಗಬಾರದು.

ಇನ್ನೊಂದು ಉತ್ತರ: ‘ಬೀಡಿಂಗ್’ ಎಂಬ ಮಾತನ್ನು ಚೌಕಟ್ಟಿನ ಸುತ್ತಲಿನ ರಬ್ಬರಿಗಷ್ಟೇ ಉಳಿಸಿ. ಅದನ್ನು ಪರೀಕ್ಷಿಸಲು ಒಂದು ನೋಟು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರ್ ಒತ್ತುತ್ತಿಲ್ಲ. ‘ಸೋರು’, ‘ಒಸರು’ ಎರಡನ್ನೂ ಬಳಸಿ: ಹನಿ ಬೀಳುವುದು ಕಂಡರೆ ಸೋರುವುದು, ಅಂಟಿನ ಅಂಚಿನಲ್ಲಿ ತೇವ ಮೂಡಿದರೆ ಒಸರುವುದು. ಎರಡಕ್ಕೂ ಹುಡುಕಬೇಕಾದ ಜಾಗ ಬೇರೆ. ಮಳೆಯಿಲ್ಲದ ದಿನವೂ ಮುಂದಿನ ಎಡಗಡೆ ಕಾಲಡಿ ಒದ್ದೆಯಾದರೆ ಬಾಗಿಲು ಬಿಚ್ಚುವ ಮೊದಲು ಎ.ಸಿ. ನೀರಿನ ಕೊಳವೆ ಕಟ್ಟಿದೆಯೇ ನೋಡಲು ಹೇಳಿ.