ಪದಚರ್ಚೆ: ಸಾಯೋತನಕ ಮೇಲ್ಮನೆ ಸದಸ್ಯ, ಏನನ್ನೋದು?

ಗೆಳೆಯರೇ,
ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಹಳೇ ಮೇಲ್ಮನೆ ಬಗ್ಗೆ ಒಂದು ಅನುವಾದ. ನಾಳೆ ಬೆಳಿಗ್ಗೆ ಕೊಡಬೇಕು. ಅಲ್ಲಿ ಚುನಾವಣೆ ಇರಲಿಲ್ಲ. ಗವರ್ನರ್ ನೇಮಿಸಿದರೆ ಸಾಯೋತನಕ ಸದಸ್ಯ. ‘ಜೀವಾವಧಿ ಸದಸ್ಯ’ ಅಂತ ಬರೆದೆ. ಹೆಂಡತಿ ಓದಿ, “ಯಾವ ಜೈಲು?” ಅಂದಳು. ‘ಆಜೀವ ಸದಸ್ಯ’ ಅಂದರೆ ಸಾಹಿತ್ಯ ಪರಿಷತ್ತಿಗೆ ದುಡ್ಡು ಕಟ್ಟಿ ಸೇರಿದ ಹಾಗಿದೆ.

ಇನ್ನೊಂದು. 1920ರಲ್ಲಿ ಲೇಬರ್ ಸರ್ಕಾರ ತನ್ನವರನ್ನು ಅಲ್ಲಿ ತುಂಬಿತು, ಮೇಲ್ಮನೆ ಮುಚ್ಚೋದಕ್ಕೇ ಓಟು ಹಾಕಲಿ ಅಂತ. 1922ರ ಮಾರ್ಚ್‌ನಲ್ಲಿ ಮುಚ್ಚಿತು, ಇವರ ಕುರ್ಚಿಯೂ ಹೋಯಿತು. ಇವರ ಅಡ್ಡಹೆಸರು ‘ಸೂಸೈಡ್ ಸ್ಕ್ವಾಡ್’. ‘ಆತ್ಮಾಹುತಿ ದಳ’ ಅಂದರೆ ಸೊಂಟಕ್ಕೆ ಬಾಂಬು ಕಟ್ಟಿದ ಹಾಗಾಗುತ್ತೆ, ಅಲ್ವಾ?

---

> ‘ಆಜೀವ ಸದಸ್ಯ’ ಅಂದರೆ ದುಡ್ಡು ಕಟ್ಟಿ

ದುಡ್ಡಿನ ಅರ್ಥ ರಸೀದಿಯದ್ದು, ಪದದ್ದಲ್ಲ. ‘ಆ’ ಅಂದರೆ ‘ವರೆಗೆ’. ಆಜಾನು, ಆಮರಣ, ಆಜೀವ. ಪೇಪರಿನವರು ‘ಆಮರಣಾಂತ ಉಪವಾಸ’ ಅಂತ ಒಬ್ಬನನ್ನೇ ಎರಡು ಸಲ ಸಾಯಿಸುತ್ತಾರೆ. ನೇಮಕಕ್ಕೆ ‘ನಾಮಕರಣ’ ಅಂತಲೂ ಬರೀಬೇಡಿ. ಅದು ತೊಟ್ಟಿಲ ಶಾಸ್ತ್ರ.

---

ಮತ್ತೆ ‘ಆ’ ಪಾಠ. ಸಾಕು ಮೇಷ್ಟ್ರೇ. ‘ಮೇಲ್ಮನೆ’ ಅಚ್ಚಗನ್ನಡ, ಅದರ ಪಕ್ಕ ‘ಆಜೀವ’ ಯಾಕೆ? ‘ಬಾಳುದ್ದದ ಮೇಲ್ಮನೆಯಾಳು’ ಅನ್ನಿ. ಆ ಗುಂಪಿಗೆ ‘ಮನೆಮುರುಕರು’. 1917ರಲ್ಲಿ ಜನಮತ ಕೇಳಿದಾಗ ಅಲ್ಲಿನ ಜನ ಮುಚ್ಚೋದು ಬೇಡ ಅಂದಿದ್ದರು. ಆದರೂ ಮುಚ್ಚಿದರು. ಇನ್ನೇನನ್ನೋದು?

---

ಮೇಲ್ಮನೆಯಾಳು ಅಂದರೆ ಮಹಡಿ ಗುಡಿಸುವವನು. ಮನೆಮುರುಕ ಮುರಿಯೋದು ಬೇರೆಯವರ ಮನೆ. ಇವರು ಕೂತ ಕೊಂಬೆ ಕಡಿದವರು. ಮೈಸೂರಲ್ಲಿ 1907ರಲ್ಲಿ, ಈಗಿನ ವಿಧಾನ ಪರಿಷತ್ತಿನ ಮೂಲವಾದ ‘ನ್ಯಾಯವಿಧಾಯಕ ಸಭೆ’ ಬಂದಾಗ ಸಂಸ್ಕೃತ ಅಂತ ಯಾರೂ ಬಾಗಿಲು ಹಾಕಲಿಲ್ಲ.

---

ಹಾಕಲಿಲ್ಲ, ಸರಿ. ಆ ಹೆಸರು ಈಗ ಯಾರ ಬಾಯಲ್ಲಿದೆ? ನಮ್ಮೂರಲ್ಲಿ ಕೇಳಿ, ‘ಎಮ್ಮೆಲ್ಸಿ’ ಅಂತಾರೆ. ಪರಿಷತ್ತೂ ಇಲ್ಲ, ಸದಸ್ಯನೂ ಇಲ್ಲ.

---

ಹಾಗಾದರೆ ನಿಮ್ಮ ಅಚ್ಚಗನ್ನಡವೂ ಇಲ್ಲ. ನಾನು ಮುಗಿಸಿದೆ.

---

ಇಬ್ಬರಿಗೂ ಥ್ಯಾಂಕ್ಸ್. ಕಳಿಸಿಬಿಟ್ಟೆ. ‘ಸಾಯುವವರೆಗೂ ಸದಸ್ಯರು’ ಅಂತ ಬಿಡಿಸಿಯೇ ಬರೆದೆ. ‘ಕೂತ ಕೊಂಬೆ ಕಡಿದವರು’ ತಲೆಬರಹಕ್ಕೆ ಹೋಯಿತು. ಎಡಿಟರ್ ಈಗ ಫೋನ್ ಮಾಡಿ, “ಇದು ಮರದ ಬಗ್ಗೆಯಾ?” ಅಂತ ಕೇಳುತ್ತಿದ್ದಾರೆ.